ಹಸುಗೂಸುಗಳ ಭೇದಿಗೆ ಹೊಸ ಔಷಧ ಬೇಕು

ಮಾನ್ಯ ಸಂಪಾದಕರೇ,

ಮಕ್ಕಳ ಭೇದಿಯ ಮಾತು ಬಂದಾಗಲೆಲ್ಲ ಶುದ್ಧ ನೀರು, ಓಆರ್‌ಎಸ್, ರೋಟಾವೈರಸ್ ಲಸಿಕೆ ಅಂತ ಹೇಳಿ ಮುಗಿಸುತ್ತೇವೆ. ಮೂರೂ ಬೇಕೇ ಬೇಕು. ಆದರೆ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಏಳು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವರ್ಷ ತುಂಬದ ಕೂಸುಗಳ ಜೋರು ಭೇದಿಗೆ ರೋಟಾವೈರಸ್ ಬಿಟ್ಟರೆ ಇದೇ ದೊಡ್ಡ ಕಾರಣ ಅಂತ ಅದರಿಂದ ಗೊತ್ತಾಯಿತು.

ನೀರಿಗೆ ಕ್ಲೋರಿನ್ ಹಾಕಿದರೆ ಸಾಕಲ್ವಾ ಅನ್ನಬಹುದು. ಸಾಲದು. ಗಟ್ಟಿ ಕವಚದೊಳಗಿರುವ ಈ ಜೀವಿ ಈಜುಕೊಳದ ಕ್ಲೋರಿನ್‌ನಲ್ಲೂ ವಾರಕ್ಕಿಂತ ಜಾಸ್ತಿ ಬದುಕುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು.

ಇದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿರುವುದು ನಿಟಾಜೊಕ್ಸನೈಡ್ ಒಂದನ್ನೇ. ಮಕ್ಕಳ ಬಳಕೆಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ವರ್ಷ ತುಂಬಿದವರಿಗೆ ಮಾತ್ರ. ಯಾರನ್ನು ಕಾಯಿಲೆ ಹೆಚ್ಚು ಕಾಡುತ್ತದೋ ಆ ಕೂಸುಗಳಿಗೇ ಔಷಧ ಇಲ್ಲ! ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಂದಿದವರಿಗೂ ಇದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೆಲಸ ಸುಲಭದ್ದಲ್ಲ, ನಿಜ. ಈ ಪರಾವಲಂಬಿ ಕರುಳಿನ ಜೀವಕೋಶದ ಅಂಚಿನಲ್ಲಿ, ಆ ಕೋಶದ ಪೊರೆಯನ್ನೇ ಹೊದ್ದು ಕೂರುತ್ತದೆ. ಔಷಧ ಕರುಳಿನಲ್ಲಿ ಸಾಕಷ್ಟು ಹೊತ್ತು ನಿಲ್ಲಬೇಕು, ಆ ಪೊರೆಯನ್ನೂ ದಾಟಬೇಕು. ಭೇದಿಯಾಗುವಾಗಲೋ, ನುಂಗಿದ್ದು ಬೇಗ ಹೊರಗೆ ಹೋಗಿಬಿಡುತ್ತದೆ. ಪ್ರಯೋಗಾಲಯದಲ್ಲಿ ಈ ಜೀವಿಯನ್ನು ಬೆಳೆಸುವುದೂ ಬಹಳ ಕಾಲ ತಲೆನೋವಾಗಿತ್ತು. ಇದರ ವಂಶವಾಹಿಯನ್ನು ತಿದ್ದುವ ವಿಧಾನ 2015ರಲ್ಲಿ ಸಿಕ್ಕಿದ ಮೇಲೆ ಸಂಶೋಧನೆಗೆ ಜೀವ ಬಂತು. 2017ರಲ್ಲಿ ಹೊಸ ರಾಸಾಯನಿಕವೊಂದು ಇಲಿಗಳಲ್ಲೂ ಎಳೆಗರುಗಳಲ್ಲೂ ಕೆಲಸ ಮಾಡಿತು. ಕುಷ್ಠರೋಗಕ್ಕೆ ಕೊಡುವ ಕ್ಲೋಫಾಜಿಮಿನ್ ಕೂಡ ಇಲಿಗಳಲ್ಲಿ ಭರವಸೆ ಹುಟ್ಟಿಸಿತ್ತು. ಆದರೆ ಮಲಾವಿಯಲ್ಲಿ ಎಚ್‌ಐವಿ ಇದ್ದ ರೋಗಿಗಳ ಮೇಲೆ ಪರೀಕ್ಷಿಸಿದಾಗ ಫಲ ಕೊಡಲಿಲ್ಲ.

ಒಂದು ಸೋತಿತು ಅಂತ ಕೈಬಿಡಬಾರದು. ಬಡವರ ಮಕ್ಕಳಿಗೆ ಮೂರ್ನಾಲ್ಕು ದಿನ ಕೊಡುವ ಔಷಧದಿಂದ ಕಂಪನಿಗಳಿಗೆ ದೊಡ್ಡ ಲಾಭ ಬರುವುದಿಲ್ಲ. ಹಾಗಾಗಿ ಸರ್ಕಾರಗಳು ಮತ್ತು ದತ್ತಿ ಸಂಸ್ಥೆಗಳು ಕೊನೆಯ ಹಂತದವರೆಗೂ ಹಣ ಕೊಡಬೇಕು. ಜೊತೆಗೆ ರೋಗ ಪತ್ತೆಯೂ ಸುಧಾರಿಸಬೇಕು. ಮಾಮೂಲಿ ಮಲ ಪರೀಕ್ಷೆಯಲ್ಲಿ, ವಿಶೇಷ ಬಣ್ಣ ಹಾಕದೆ ನೋಡಿದರೆ ಈ ಜೀವಿ ಸುಲಭವಾಗಿ ಕಣ್ತಪ್ಪುತ್ತದೆ. ಲೆಕ್ಕಕ್ಕೇ ಸಿಗದ ಕಾಯಿಲೆಗೆ ಹಣ ಕೇಳುವುದು ಹೇಗೆ?

ಹೊಸ ಔಷಧ ದೊಡ್ಡವರಲ್ಲಿ ಸುರಕ್ಷಿತ ಅಂತ ಖಚಿತವಾದ ಕೂಡಲೇ, ಎಚ್ಚರಿಕೆಯಿಂದ, ವರ್ಷದೊಳಗಿನ ಕೂಸುಗಳಲ್ಲೂ ಪರೀಕ್ಷೆ ಶುರುವಾಗಬೇಕು. ಅವರಿಗೆ ಕುಡಿಸಲು ಬರುವ ದ್ರವರೂಪದ ಔಷಧವನ್ನು ಮೊದಲಿನಿಂದಲೇ ತಯಾರಿಸಿಕೊಳ್ಳಬೇಕು.

ಇಂತಿ,
ನಿಮ್ಮ ಓದುಗ