ಬಲ್ಬ್ ಬದಲಿಸುವ ಮೊದಲು ಗೋಡೆಗೆ ಬೆಳಕು ಬಿಟ್ಟು ನೋಡಿ

ಸಂಪಾದಕರಿಗೆ ನಮಸ್ಕಾರ.

ಕಬ್ಬಿನ ಕಟಾವು ಶುರುವಾಯಿತೆಂದರೆ ಆಳಂದ, ಅಫಜಲಪುರ, ಹುಮನಾಬಾದ್, ಭಾಲ್ಕಿ ಕಡೆಯ ರಸ್ತೆಗಳಿಗೆ ರಾತ್ರಿ ನಿದ್ದೆಯಿಲ್ಲ. ಹಿಂದೆ ದೀಪವಿಲ್ಲದ ಟ್ರ್ಯಾಲಿಗಳು, ಹೊಲಕ್ಕೆ ನೀರು ಬಿಡಲು ಹೊರಟ ರೈತರು, ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವವರು, ಹುಣ್ಣಿಮೆ ಹತ್ತಿರವಾದರೆ ಗಾಣಗಾಪುರಕ್ಕೆ ನಡೆದು ಹೋಗುವ ಭಕ್ತರು, ಎಲ್ಲರಿಗೂ ಇರುವುದು ಅದೇ ರಸ್ತೆ. ಇವರ ನಡುವೆ ಬೈಕ್ ಓಡಿಸುವವರಿಗೆ ಹೆಡ್‌ಲೈಟ್ ಸಾಲುತ್ತಿಲ್ಲ ಎಂಬ ದೂರು ನಿಜವೇ. ಆದರೆ ಅದಕ್ಕೆ ಬಹಳ ಮಂದಿ ಹಿಡಿದಿರುವ ದಾರಿ, ಅಂದರೆ ಅಂಗಡಿಯಿಂದ ಬಿಳಿ ಎಲ್‌ಇಡಿ ಬಲ್ಬ್ ತಂದು ಹಳೆಯ ಹೆಡ್‌ಲೈಟಿನೊಳಗೆ ತೂರಿಸುವುದು, ಹಾಕಿಕೊಂಡವರಿಗೂ ಎದುರು ಬರುವವರಿಗೂ ಅಪಾಯ. ಬಹುತೇಕ ಗಾಡಿಗಳಿಗೆ ಕಂಪನಿ ಕೊಟ್ಟ ಬಲ್ಬೇ ಸಾಕು. ಆ ಬಲ್ಬಿಗೆ ಸೇರಬೇಕಾದ ಕರೆಂಟ್ ಸೇರುತ್ತಿಲ್ಲ, ಬೆಳಕು ಬೀಳಬೇಕಾದಲ್ಲಿ ಬೀಳುತ್ತಿಲ್ಲ. ಕೆಡುಕು ಇರುವುದು ಅಲ್ಲಿ.

ಎಷ್ಟು ದೂರ ಕಾಣಬೇಕು ಎಂಬ ಲೆಕ್ಕ ಮೊದಲು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್, ಅಂದರೆ 25 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ಡಾಂಬರಿನ ಮೇಲೂ 25ರಿಂದ 30 ಮೀಟರ್ ಬೇಕು. ಒಟ್ಟು 50 ಮೀಟರಿಗೂ ಮೇಲೆ. 40 ಕಿ.ಮೀ. ವೇಗಕ್ಕೆ ಇದೇ ಲೆಕ್ಕ 30 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಡಿಪ್ಪರ್‌ನಲ್ಲಿ, ಅಂದರೆ ಕೆಳಕ್ಕಿಳಿಸಿದ ಬೆಳಕಿನಲ್ಲಿ, 25 ಮೀಟರ್ ಮಾತ್ರ ಕಾಣುವ ಗಾಡಿಯನ್ನು 60ರಲ್ಲಿ ಓಡಿಸುವವರು, ಟ್ರ್ಯಾಲಿ ಕಣ್ಣಿಗೆ ಬಿದ್ದ ಹೊತ್ತಿಗೆ ಬ್ರೇಕ್ ಮುಟ್ಟುವ ಮುಂಚೆಯೇ ಅದರ ಬೆನ್ನಿಗೆ ಬಂದಿರುತ್ತಾರೆ.

ಈ 25 ಮೀಟರನ್ನು 60 ಮೀಟರ್ ಮಾಡಲು ಅನೇಕ ಸಲ ಒಂದು ರೂಪಾಯಿಯೂ ಬೇಕಾಗಿಲ್ಲ. ಒಂದು ಗೋಡೆ, ಒಂದು ಸೀಮೆಸುಣ್ಣ, ಒಂದು ಅಳತೆ ಟೇಪು ಇದ್ದರಾಯಿತು. ಟೈರುಗಳಿಗೆ ಸರಿಯಾಗಿ ಗಾಳಿ ತುಂಬಿಸಿ, ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಗೋಡೆಗೆ ನೇರ ಮುಖ ಮಾಡಿ, ಹೆಡ್‌ಲೈಟಿಗೂ ಗೋಡೆಗೂ 10 ಮೀಟರ್ ಬಿಟ್ಟು ನಿಲ್ಲಿಸಿ. ಸ್ಟ್ಯಾಂಡ್ ಹಾಕಬಾರದು. ಎರಡೂ ಚಕ್ರ ನೆಲದ ಮೇಲಿರಬೇಕು, ದಿನವೂ ಓಡಿಸುವವರೇ ಸೀಟಿನ ಮೇಲೆ ಕೂತಿರಬೇಕು. ಹೆಡ್‌ಲೈಟಿನ ನಟ್ಟನಡು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆಯಿರಿ. ಅದರ ಕೆಳಗೆ 15 ಸೆಂ.ಮೀ. ಬಿಟ್ಟು ಇನ್ನೊಂದು ಗೆರೆ. ಡಿಪ್ಪರ್ ಹಾಕಿದಾಗ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಗೆ ಬಂದು ನಿಲ್ಲಬೇಕು. ನೆಲದಿಂದ ಒಂದು ಮೀಟರ್ ಎತ್ತರದ ದೀಪ ಹೀಗೆ ಇಳಿದರೆ ಸುಮಾರು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಅದೇ 40 ಸೆಂ.ಮೀ. ಇಳಿದಿದ್ದರೆ 25 ಮೀಟರಿಗೇ ಮುಗಿಯಿತು. ಬಲ್ಬ್ ಅದೇ, ಬ್ಯಾಟರಿ ಅದೇ. ಹೆಚ್ಚುಕಡಿಮೆಯಾದದ್ದು ಬರೀ ಓರೆ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿನ ಕೆಳಗೆ ಒಂದು ಸ್ಕ್ರೂ ಇರುತ್ತದೆ, ಕೆಲವಲ್ಲಿ ಎರಡು ಪಕ್ಕದ ಬೋಲ್ಟ್ ಸಡಿಲಿಸಿ ಇಡೀ ದೀಪವನ್ನೇ ಎತ್ತಿ ಇಳಿಸಬೇಕು. ಪಾನಾ ಹಿಡಿಯಲು ಬರುವ ಯಾರಿಗಾದರೂ ಹತ್ತು ನಿಮಿಷದ ಕೆಲಸ.

ಇಲ್ಲಿ ಮೆಕ್ಯಾನಿಕ್‌ಗಳೂ ಮರೆಯುವ ಒಂದು ವಿಷಯವಿದೆ. ನಮ್ಮ ಭಾಗದಲ್ಲಿ ಬೈಕಿನ ಮೇಲೆ ಒಬ್ಬರೇ ಹೋಗುವುದು ಅಪರೂಪ. ಹಿಂದೆ ಇನ್ನೊಬ್ಬರು, ಜತೆಗೆ ಒಂದು ತೊಗರಿ ಚೀಲ. ಈ ಭಾರಕ್ಕೆ ಹಿಂಭಾಗ ಮುಂಭಾಗಕ್ಕಿಂತ 3 ಸೆಂ.ಮೀ. ಹೆಚ್ಚು ಕುಸಿಯಿತು ಅಂದುಕೊಳ್ಳಿ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 125 ಸೆಂ.ಮೀ. ಆದ್ದರಿಂದ 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕು 24 ಸೆಂ.ಮೀ. ಮೇಲೇರುತ್ತದೆ. ಕಷ್ಟಪಟ್ಟು 15 ಸೆಂ.ಮೀ. ಇಳಿಸಿಟ್ಟಿದ್ದ ಡಿಪ್ಪರ್ ಈಗ 9 ಸೆಂ.ಮೀ. ಆಕಾಶದ ಕಡೆಗೆ ನೋಡುತ್ತಿದೆ, ಎದುರಿನವರ ಕಣ್ಣಿಗೆ ನೇರ. ಹಿಂದಿನ ಶಾಕ್‌ಅಬ್ಸಾರ್ಬರ್‌ನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚುಗಳಿರುವ ಒಂದು ಬಳೆ ಇರುತ್ತದೆಯಲ್ಲ, ಅದು ಇರುವುದೇ ಇದಕ್ಕೆ. ಭಾರ ಹೇರುವ ದಿನ ಗಾಡಿಯ ಜತೆ ಬಂದ ಕೊಕ್ಕೆ ಪಾನಾದಿಂದ ಅದನ್ನು ಒಂದೆರಡು ಕಚ್ಚು ಬಿಗಿ ಮಾಡಿ. ಎಡಕ್ಕೂ ಬಲಕ್ಕೂ ಒಂದೇ ಕಚ್ಚಿನಲ್ಲಿರಲಿ. ಆ ಬಳೆಯನ್ನು ವರ್ಷಗಟ್ಟಲೆ ಮುಟ್ಟದೆ ಎರೆಮಣ್ಣು ಗಟ್ಟಿಯಾಗಿ ಕೂತಿದ್ದರೆ ಮೊದಲು ನೀರು ಹಾಕಿ ತೊಳೆದು, ಎಣ್ಣೆ ಬಿಟ್ಟು ಒಂದು ತಾಸು ಬಿಡಬೇಕು.

ಇನ್ನು ಕರೆಂಟಿನ ವಿಚಾರ. ಸಾಮಾನ್ಯ ಬೈಕುಗಳಲ್ಲಿರುವುದು 35/35 ವ್ಯಾಟ್‌ನ ಹ್ಯಾಲೋಜನ್, ದೊಡ್ಡ ಗಾಡಿಗಳಲ್ಲಿ 60/55 ವ್ಯಾಟ್. ಹ್ಯಾಲೋಜನ್ ಬಲ್ಬಿನ ಗುಣವೇನೆಂದರೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.5 ವೋಲ್ಟ್ ಇದ್ದು, ಬಲ್ಬಿನ ಹೋಲ್ಡರ್‌ನಲ್ಲಿ 11.5 ಮಾತ್ರ ಸಿಕ್ಕರೆ ಶೇ 40ಕ್ಕೂ ಹೆಚ್ಚು ಬೆಳಕು ದಾರಿಯಲ್ಲೇ ಹೋಯಿತು. ಇದನ್ನು ಊಹೆಯಿಂದ ಹೇಳಲಾಗದು, ಮಲ್ಟಿಮೀಟರ್ ಇಟ್ಟೇ ನೋಡಬೇಕು. ದೀಪ ಉರಿಯುತ್ತಿರುವಾಗಲೇ ಒಂದು ಮುಳ್ಳನ್ನು ಹೋಲ್ಡರ್‌ನ ಅರ್ತ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೂ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ: ಚಾಸಿಗೆ ಕೂರುವ ಬೋಲ್ಟಿನ ಕೆಳಗೆ ಬಣ್ಣವೋ ತುಕ್ಕೋ ಇರುತ್ತದೆ, ಉಜ್ಜಿ ಬಿಗಿ ಮಾಡಿ. ಹಾಗೆಯೇ ಹೋಲ್ಡರ್‌ನ ಪ್ಲಸ್‌ನಿಂದ ಬ್ಯಾಟರಿಯ ಪ್ಲಸ್‌ಗೆ ಹಿಡಿದು ನೋಡಿ. ಅಲ್ಲಿ ಅರ್ಧ ವೋಲ್ಟ್ ದಾಟಿದರೆ ಮೊದಲ ಅನುಮಾನ ಹ್ಯಾಂಡಲ್ ಮೇಲಿನ ಡಿಪ್ಪರ್ ಸ್ವಿಚ್ಚಿನ ಮೇಲೆ. ಒಳಗಿನ ತಾಮ್ರದ ಚುಕ್ಕೆಗಳು ಧೂಳಿಗೆ ಕಪ್ಪಾಗಿರುತ್ತವೆ. ಎರಡನೆಯದು ಹೋಲ್ಡರ್, ಕಾಯ್ದು ಕಂದು ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಹಿಡಿತ ಸಡಿಲಾಗಿದೆ ಎಂದೇ ಅರ್ಥ, ತೆಗೆದು ಪಿಂಗಾಣಿಯದು ಹಾಕಿ. ಹ್ಯಾಂಡಲ್ ತಿರುಗಿಸಿದಾಗ ದೀಪ ಮಿಣುಕಿದರೆ ಕತ್ತಿನ ಹತ್ತಿರ ತಂತಿ ಒಳಗೊಳಗೇ ತುಂಡಾಗುತ್ತಿದೆ.

35 ವ್ಯಾಟ್ ಗಾಡಿಗೆ ಇಷ್ಟು ಶುಚಿ ಮಾಡಿದರೆ ಸಾಕು, ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬ್ಯಾಟರಿಯ ಕರೆಂಟನ್ನು ನೇರ ಬಲ್ಬಿಗೆ ಬಿಡುವ ಪುಟ್ಟ ಪೆಟ್ಟಿಗೆ) ಅನಗತ್ಯ ಖರ್ಚು. 60/55 ವ್ಯಾಟ್ ಇರುವ, ದೀಪ ಬ್ಯಾಟರಿಯಿಂದ ಉರಿಯುವ ಗಾಡಿಗಳಿಗೆ ಮಾತ್ರ ರಿಲೇ ಹಾಕಿಸಿದರೆ ಪ್ರಯೋಜನ ಕಣ್ಣಿಗೆ ಕಾಣುತ್ತದೆ. ಅಪ್ಪರ್‌ಗೊಂದು, ಡಿಪ್ಪರ್‌ಗೊಂದು, ನಾಲ್ಕು ಪಿನ್ನಿನ 12 ವೋಲ್ಟ್ ರಿಲೇ. ಹಳೆಯ ಹೋಲ್ಡರ್‌ಗೆ ಬರುತ್ತಿದ್ದ ತಂತಿ ರಿಲೇಯ ಮೇಲೆ 86 ಎಂದು ಬರೆದ ಪಿನ್ನಿಗೆ, ಅರ್ತ್ 85ಕ್ಕೆ, ಬ್ಯಾಟರಿಯಿಂದ ನೇರ ಬಂದ ತಂತಿ 30ಕ್ಕೆ, 87ರಿಂದ ಹೊಸ ಹೋಲ್ಡರ್‌ಗೆ. ತಂತಿ 1.5 ಚದರ ಮಿ.ಮೀ.ನ ತಾಮ್ರದ್ದಿರಲಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್ ಇರಲೇಬೇಕು; ಅದಿಲ್ಲದೆ ತಂತಿ ಚಾಸಿಗೆ ತಿಕ್ಕಿ ಶಾರ್ಟ್ ಆದರೆ ಗಾಡಿಗೇ ಬೆಂಕಿ. ರಿಲೇಯ ಪಿನ್ನುಗಳು ಕೆಳಮುಖವಾಗಿರಲಿ, ಇಲ್ಲವಾದರೆ ಮೊದಲ ಮಳೆಗೇ ನೀರು ನಿಲ್ಲುತ್ತದೆ.

ಹಳೆಯ ಗಾಡಿಗಳದ್ದು ಬೇರೆ ಲೆಕ್ಕ. ಎಕ್ಸಲೇಟರ್ ಏರಿಸಿದಾಗ ದೀಪ ಏರಿ, ಬಿಟ್ಟಾಗ ಮಂಕಾಗುವ ಗಾಡಿಗಳಲ್ಲಿ ಕಾಯಿಲ್‌ನಿಂದ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಸುರುಳಿ) ನೇರ ಎಸಿ ಕರೆಂಟ್ ಬರುತ್ತದೆ. ಅದಕ್ಕೆ ಮಾಮೂಲಿ ರಿಲೇ ಹಾಕಿದರೆ ಕಟಕಟ ಎನ್ನುತ್ತದೆಯೇ ಹೊರತು ಸರಿಯಾಗಿ ಹಿಡಿಯುವುದಿಲ್ಲ. 35 ವ್ಯಾಟ್‌ಗೆ ಸುತ್ತಿದ ಕಾಯಿಲ್‌ಗೆ 60 ವ್ಯಾಟ್ ಬಲ್ಬನ್ನು ಅದರ ಅಂಚಿನ ಕಿವಿ ಉಜ್ಜಿ ಕೂರಿಸಿದರೆ ಬೆಳಕು ಇನ್ನೂ ಕೆಂಪಾಗುತ್ತದೆ, ಯಾಕೆಂದರೆ ಕಾಯಿಲ್ ಅಷ್ಟು ಕೊಡಲಾರದು. 100 ವ್ಯಾಟ್ ಬಲ್ಬು 8 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಸಣ್ಣ ತಂತಿ, ಪ್ಲಾಸ್ಟಿಕ್ ಹೋಲ್ಡರ್ ಎರಡೂ ಕರಗುತ್ತವೆ.

ಈಗ ಎಲ್‌ಇಡಿ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದಿರುವ ಗಾಡಿಗಳ ಬಗ್ಗೆ ಈ ಮಾತಲ್ಲ. ದೀಪದೊಳಗೆ ಬೆಳಕನ್ನು ಮುಂದಕ್ಕೆ ಎಸೆಯುವ ಅವುಗಳ ಕನ್ನಡಿಯೇ ಆ ಎಲ್‌ಇಡಿ ಚಿಪ್ಪಿಗೆ ಅಳೆದು ಮಾಡಿದ್ದು. ಹ್ಯಾಲೋಜನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಒಳಗೆ ಎರಡು ತಂತಿ ಸುರುಳಿ ಕಾಣುತ್ತವೆ, ಒಂದರ ಕೆಳಗೆ ಚಮಚದಂಥ ಸಣ್ಣ ಲೋಹದ ಬಟ್ಟಲು. ಅದು ಡಿಪ್ಪರ್‌ನ ಸುರುಳಿ. ಕೆಳಗೆ ಹೋಗುವ ಬೆಳಕನ್ನು ಆ ಬಟ್ಟಲು ತಡೆಯುವುದರಿಂದಲೇ ಕನ್ನಡಿಯಿಂದ ಮೇಲಕ್ಕೆ ಚಿಮ್ಮುವ ಬೆಳಕು ಇಲ್ಲವಾಗುತ್ತದೆ. ಸುರುಳಿ ಒಂದೆರಡು ಮಿ.ಮೀ. ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ. ಅಂಗಡಿಯಲ್ಲಿ ಸಿಕ್ಕ ಎಲ್‌ಇಡಿ ಬಲ್ಬಿನಲ್ಲಿ ಚಿಪ್ಪುಗಳು ಒಂದು ಪಟ್ಟಿಯ ಎರಡು ಮೈಗೆ ಅಂಟಿರುತ್ತವೆ, ಜಾಗವೂ ದಪ್ಪವೂ ಬೇರೆ. ಗೋಡೆಗೆ ಬಿಟ್ಟು ನೋಡಿ: ಅಂಚೇ ಇಲ್ಲ, ಚೆಲ್ಲಾಪಿಲ್ಲಿಯಾದ ಬಿಳಿ ಮಚ್ಚೆ. ಅಪ್ಪರ್, ಡಿಪ್ಪರ್ ಬಹುತೇಕ ಒಂದೇ.

ಹಾಕಿಸಿಕೊಂಡವರಿಗೆ ಬೆಳಕು ಹೆಚ್ಚಾಯಿತು ಅನ್ನಿಸುವುದಕ್ಕೂ ಕಾರಣವಿದೆ. ಚಕ್ರದ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದಂತೆ ಬೆಳಗುತ್ತದೆ. ಆ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗಿ, ನಿಜಕ್ಕೂ ಕಾಣಬೇಕಿದ್ದ ಐವತ್ತನೇ ಮೀಟರು ಮೊದಲಿಗಿಂತ ಕಪ್ಪಾಗುತ್ತದೆ. ಶಹಾಬಾದ್, ಚಿತ್ತಾಪುರದ ಕಲ್ಲಿನ ಗಣಿಗಳ ಧೂಳಿನಲ್ಲಿ, ಚಳಿಗಾಲದ ನಸುಕಿನ ಮಂಜಿನಲ್ಲಿ ಈ ನೀಲಿ ಬಿಳುಪು ಕಣ್ಣ ಮುಂದೆಯೇ ಪರದೆ ಕಟ್ಟುತ್ತದೆ. ಮುಚ್ಚಿದ ಹೆಡ್‌ಲೈಟಿನೊಳಗೆ ಬಲ್ಬಿನ ಹಿಂದಿನ ಪುಟ್ಟ ಫ್ಯಾನ್ ಧೂಳು ತಿಂದು ನಿಂತರೆ ಚಿಪ್ಪು ಕಾಯ್ದು ಅದೂ ಮಂಕಾಗುತ್ತದೆ.

ಗಾಜಿನ ಬಗ್ಗೆ ಎರಡು ಮಾತು. ಕಲ್ಲು, ಸಿಮೆಂಟಿನ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಮೊದಲು ನೀರು ಸುರಿಯಿರಿ. ಒಳಗಿನ ಬೆಳ್ಳಿ ಕನ್ನಡಿಯನ್ನು ಯಾವ ಬಟ್ಟೆಯಲ್ಲೂ ಒರೆಸಬೇಡಿ. ಪದರ ಎದ್ದಿದ್ದರೆ ಹೆಡ್‌ಲೈಟ್ ಬದಲಿಸುವುದೇ ದಾರಿ. ಹೊಸ ಹ್ಯಾಲೋಜನ್‌ನ ಗಾಜನ್ನು ಬೆರಳಿಂದ ಮುಟ್ಟಬಾರದು, ಜಿಡ್ಡು ಹತ್ತಿದ ಕಡೆ ಕಾಯ್ದು ಒಡೆಯುತ್ತದೆ.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದು. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳಿಗೆ ದಂಡ ಹಾಕುವ ಕಾರ್ಯಾಚರಣೆಯನ್ನೂ ಕೈಗೊಂಡರು. ದಂಡ ಕಟ್ಟಿದವರ ಗಾಡಿ ಮರುದಿನವೂ ಅದೇ ಬಲ್ಬಿನಲ್ಲಿ ಓಡಿದರೆ ಏನು ಬಂತು? ಅದಕ್ಕೇ ನಮ್ಮ ಭಾಗದ ಸಾರಿಗೆ ಕಚೇರಿಗಳಿಗೆ ನನ್ನ ಕೋರಿಕೆ: ಆವರಣದ ಒಂದು ಗೋಡೆಗೆ ಬಿಳಿ ಸುಣ್ಣ ಹೊಡೆಸಿ, ಅಡ್ಡಕ್ಕೆ 5 ಸೆಂ.ಮೀ.ಗೊಂದು ಕಪ್ಪು ಗೆರೆ ಎಳೆಸಿ, 10 ಮೀಟರ್ ದೂರದಲ್ಲಿ ನೆಲಕ್ಕೆ ಹಳದಿ ಪಟ್ಟೆ ಬಳಿಸಿ. ನೋಂದಣಿ ನವೀಕರಣಕ್ಕೆ ಬರುವ ಪ್ರತಿ ಬೈಕೂ ಆ ಪಟ್ಟೆಯ ಮೇಲೆ ನಿಂತು ಹೋಗಲಿ. ಗ್ಯಾರೇಜಿನವರೂ, ಪೆಟ್ರೋಲ್ ಬಂಕಿನವರೂ ತಮ್ಮ ಕಾಂಪೌಂಡಿನಲ್ಲಿ ಇದನ್ನೇ ಮಾಡಬಹುದು. ಒಂದು ಡಬ್ಬಿ ಬಣ್ಣದ ಖರ್ಚು.

ಸಕ್ಕರೆ ಕಾರ್ಖಾನೆಗಳವರಿಗೂ ಒಂದು ಮಾತು. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ 35 ವ್ಯಾಟ್‌ನ ಸರಿಯಾಗಿ ಹೊಂದಿಸಿದ ಹೆಡ್‌ಲೈಟಿಗೂ ಬಹು ದೂರದಿಂದಲೇ ಕಾಣುತ್ತದೆ. ಅದನ್ನು ಟ್ರ್ಯಾಲಿಯ ಹಿಂಬಾಗಿಲಿಗೆ ಅಂಟಿಸಿದರೆ ಸಾಲದು, ಕಬ್ಬು ಹಿಂದಕ್ಕೆ ಒಂದೆರಡು ಮಾರು ಚಾಚಿಕೊಂಡು ಅದನ್ನು ಮುಚ್ಚಿಬಿಡುತ್ತದೆ. ಎರಡು ಅಡಿ ಉದ್ದದ ಹಲಗೆಗೆ ಪಟ್ಟಿ ಅಂಟಿಸಿ, ಕೊನೆಯ ಹೊರೆಯ ತುದಿಗೆ ಹಗ್ಗದಿಂದ, ಬೈಕ್ ಹೆಡ್‌ಲೈಟಿನ ಎತ್ತರಕ್ಕೆ ತೂಗುಬಿಡಬೇಕು. ಕಾಟಾದಲ್ಲಿ ತೂಕವಾಗಿ ಖಾಲಿಯಾದ ಟ್ರ್ಯಾಲಿ ವಾಪಸು ಹೊರಡುವಾಗ ಕೈಗೊಂದು ಹಲಗೆ ಕೊಟ್ಟು ಕಳಿಸಿ, ಮುಂದಿನ ಖೇಪಿಗೆ ಅದು ಕಬ್ಬಿನ ಹಿಂದೆ ತೂಗುತ್ತಿದೆಯೇ ಎಂದು ಅಲ್ಲೇ ನೋಡಿ ಒಳಗೆ ಬಿಡಿ.

ಗಾಡಿ ವೈರಿಂಗ್ ಕೆಲಸದವ,
ಕಲಬುರಗಿ