ಆ ಲೇತ್ ಮಾರಲ್ಲ, ಪುಟ್ಟಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಕಬ್ಬಿಣ ತಿರುಗಿಸಿ ಕೆತ್ತುವ ನಮ್ಮ ಲೇತ್ ಮಿಷನ್ನನ್ನು ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಿದ್ದಾನಂತೆ, ಮಾರಿಬಿಡಿ ಅಪ್ಪ ಅಂದೆ ನೀನು. ಹೌದು, ಕೇಳಿದ. ಟೀ ಕುಡಿಸಿ ಕಳಿಸಿದೆ.

ಗೋಣಿಕೊಪ್ಪದಲ್ಲಿ ನಾಲ್ಕು ದಿನದಿಂದ ಒಂದೇ ಮಳೆ. ಕರೆಂಟಿಲ್ಲ, ಸುಮ್ನೆ ಶೆಡ್ಡಿನಲ್ಲಿ ಕೂತಿದ್ದೇನೆ. ಲೇತ್ ಬೆಡ್ಡಿಗೆ ಎಣ್ಣೆ ಹಚ್ಚಿ ಅಮ್ಮನ ಹಳೇ ಸೀರೆ ಹೊದಿಸಿದ್ದೇನೆ, ಇಲ್ಲದಿದ್ದರೆ ಈ ಥಂಡಿಗೆ ಬೆಳಗಾಗುವಷ್ಟರಲ್ಲಿ ತುಕ್ಕು.

ಚಿಕ್ಕವಳಿದ್ದಾಗ ಆ ದೊಡ್ಡ ಗೇರಿನ ಹಲ್ಲು ಎಣಿಸುತ್ತಾ ಕೂರುತ್ತಿದ್ದೆ, ನೆನಪಿದೆಯಾ? ಒಮ್ಮೆ 126, ಒಮ್ಮೆ 128, ಆಮೇಲೆ ಅಳು. 127 ಪುಟ್ಟಿ. ಯಾಕೆ ಅಂತ ಆಗ ಹೇಳಿರಲಿಲ್ಲ. ಒಂದು ಇಂಚಿಗೆ 25.4 ಮಿಲಿಮೀಟರ್, ಅದರ ಐದರಷ್ಟು 127. ನಮ್ಮದು ಹರಿಹರದ ಹಳೇ ಕಿರ್ಲೋಸ್ಕರ್, ಟೂಲನ್ನು ಮುಂದೆ ಸರಿಸುವ ಉದ್ದನೆಯ ತಿರುಪು, ಅಂದರೆ ಲೀಡ್ ಸ್ಕ್ರೂ, ಇಂಚಿಗೆ 4 ಥ್ರೆಡ್ಡಿನದು (ತಿರುಪಿನ ಸುತ್ತು), ಅಂದರೆ ಒಂದು ಸುತ್ತಿಗೆ 6.35 ಮಿ.ಮೀ. ಅದರಲ್ಲಿ 2 ಮಿ.ಮೀ. ಪಿಚ್, ಅಂದರೆ ಸುತ್ತಿಂದ ಸುತ್ತಿಗೆ 2 ಮಿ.ಮೀ. ಅಂತರದ ಥ್ರೆಡ್ ಬೇಕಾದರೆ ಮೇಲೆ 40 ಹಲ್ಲಿನ ಗೇರ್, ಕೆಳಗೆ ಈ 127. ಲೆಕ್ಕ ಹಾಕಿ ನೋಡು, ಕೂದಲೆಳೆಯಷ್ಟೂ ವ್ಯತ್ಯಾಸ ಬರಲ್ಲ. ನಿನ್ನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಕೈಯಲ್ಲಿ ಹಾಕಿಸುತ್ತಾರೋ ಇಲ್ಲವೋ!

ಹೋದ ಜನವರಿಯಲ್ಲಿ ರೊಬಸ್ಟಾ ಕಾಫಿ ಕೊಯ್ಲಿನ ಮಧ್ಯೆ ಒಬ್ಬರ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್) ಶಾಫ್ಟ್ ಸಂಜೆ ಹೊತ್ತಿಗೆ ಕೈಕೊಟ್ಟಿತು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕಲ್ಲ, ರಾಶಿ ಬಿಟ್ಟರೆ ಬಿಸಿಯಾಗಿ ಹುಳಿ ಬರುತ್ತೆ. ಇಎನ್ 8 ಅನ್ನುವ ಉಕ್ಕಿನ ರಾಡನ್ನು, ಅದನ್ನು ಹಿಡಿದು ತಿರುಗಿಸುವ ಚಕ್ಕಿಗೆ ಕಟ್ಟಿದೆ. ಟೂಲ್ ತಾಗಿದಾಗ ಮೊದಲು ಕರಕರ ಅನ್ನುತ್ತೆ, ಫೀಡ್ ಹಿಡಿತಕ್ಕೆ ಬಂದಮೇಲೆ ಒಂದೇ ಸಮ ಗುಂಯ್ ಅನ್ನುತ್ತೆ, ಕೆತ್ತಿದ ಉಕ್ಕಿನ ಚಿಪ್ ಸುರುಳಿ ಸುರುಳಿಯಾಗಿ ಒಣಹುಲ್ಲಿನ ಬಣ್ಣದಲ್ಲಿ ಕೆಳಗೆ ಬೀಳುತ್ತೆ. ಅದು ನೀಲಿಗೆ ತಿರುಗಿದರೆ ಹೈ ಸ್ಪೀಡ್ ಸ್ಟೀಲಿನ, ಅಂದರೆ ಎಚ್‌ಎಸ್‌ಎಸ್ ಟೂಲ್ ಸುಡುತ್ತಿದೆ ಅಂತ, ಸ್ಪೀಡ್ ಇಳಿಸಬೇಕು. ಆಮೇಲೆ ತುದಿಗೆ ಎಂ 16 ಥ್ರೆಡ್, ಅಂದರೆ 16 ಮಿ.ಮೀ. ವ್ಯಾಸದ್ದು, ಅದೇ 2 ಮಿ.ಮೀ. ಪಿಚ್. ಇಂಚಿನ ಲೀಡ್ ಸ್ಕ್ರೂನಲ್ಲಿ ಮಿ.ಮೀ. ಥ್ರೆಡ್ ಹೊಡೆಯುವಾಗ ಲೀಡ್ ಸ್ಕ್ರೂ ಹಿಡಿಯುವ ಹಾಫ್ ನಟ್ ಬಿಡುವ ಹಾಗಿಲ್ಲ. ಪ್ರತಿ ಕಟ್ಟಿಗೂ ಟೂಲ್ ಹಿಂದಕ್ಕೆಳೆದು ಮಿಷನ್ನನ್ನೇ ರಿವರ್ಸ್ ಓಡಿಸಿ ವಾಪಸ್ ತರಬೇಕು. ತಾಳ್ಮೆಯ ಕೆಲಸ, ನನಗೋ ಅದೇ ಖುಷಿ. ಕೊನೇ ಕಟ್ ಆದಮೇಲೆ ನಟ್ ಹಾಕಿ ಬೆರಳಲ್ಲಿ ತಿರುಗಿಸಿದೆ, ಅಲುಗಾಡದೆ ನುಣ್ಣಗೆ ಕೂತಿತು. ರಾತ್ರಿ ಹನ್ನೊಂದಕ್ಕೆ ಅವರ ಪಲ್ಪರ್ ಓಡಿತು. ದುಡ್ಡು ಇನ್ನೂ ಪೂರ್ತಿ ಬಂದಿಲ್ಲ, ಅದು ಬೇರೆ ಮಾತು.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಿಷನ್ ಬೇಡ ಅಂತಲ್ಲ. ನೂರು ಪೀಸ್ ಒಂದೇ ಥರ ಬೇಕಾದರೆ ಅದೇ ಸರಿ. ನನ್ನ ಬಾಗಿಲಿಗೆ ಬರುವುದು ಸವೆದ ಬುಷ್, ಬಾಗಿದ ಪಂಪ್ ಶಾಫ್ಟ್, ಎಲ್ಲವೂ ಒಂದೊಂದೇ.

ನನ್ನ ಹಣೆಯ ಗಾಯದ ವಿಷಯ ಎತ್ತಬೇಡ. ಚಕ್ ಬಿಗಿಮಾಡುವ ಕೀ ತೆಗೆಯದೆ ಸ್ವಿಚ್ ಒತ್ತಿದ್ದು ನಾನು, ಅದರಲ್ಲಿ ಲೇತಿನ ತಪ್ಪೇನಿದೆ?

ಹುತ್ತರಿಗೆ ಬರುವಾಗ ಮೈಸೂರಿನಿಂದ ಅರ್ಧ ಇಂಚಿನ ಎರಡು ಎಚ್‌ಎಸ್‌ಎಸ್ ಬಿಟ್ ತಾ. ಒಂದನ್ನು ನೀನೇ ಗ್ರೈಂಡ್ ಮಾಡುವೆಯಂತೆ, ಕನ್ನಡಕ ಹಾಕಿಕೊಂಡು.

ನಿನ್ನ ಅಪ್ಪ