ಲಂಡನ್ನಿನ ರೇಟು, ಮೂಡಿಗೆರೆಯ ಕಣ

ಪ್ರಿಯ ಗೆಳೆಯಾ,

ಮಳೆ ಸರಿಯಾಗಿದೆ, ಫಸಲು ಸರಿಯಾಗಿದೆ, ಆದರೂ ಒಂದೇ ವಾರದಲ್ಲಿ ರೊಬಸ್ಟಾ ಕಾಫಿಯ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲಕ್ಕೆ ಏಳುನೂರು ರೂಪಾಯಿ ಇಳಿದದ್ದು ಯಾಕೆ ಅಂತ ಕೇಳಿದ್ದೀಯ. ನಿಮ್ಮೂರಲ್ಲಿ ಏನೂ ಆಗಿಲ್ಲ ಮಾರಾಯ. ರೊಬಸ್ಟಾದ ರೇಟು ಹುಟ್ಟುವುದು ಲಂಡನ್ನಿನ ವಾಯಿದಾ ಮಾರುಕಟ್ಟೆಯಾದ ಟರ್ಮಿನಲ್‌ನಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಇನ್ನೊಂದು ಜಾತಿ ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ಪೌಂಡಿಗೆ ಇಷ್ಟು ಸೆಂಟ್ ಅಂತ. ಜಗತ್ತಿನ ಕಾಫಿಯಲ್ಲಿ ಭಾರತದ ಪಾಲು ನೂರಕ್ಕೆ ನಾಲ್ಕೂ ಇಲ್ಲ, ಆದರೆ ಬೆಳೆದದ್ದರಲ್ಲಿ ಹೆಚ್ಚಿನದು ಹಡಗು ಹತ್ತುತ್ತದೆ. ಇಟಲಿ ದೊಡ್ಡ ಗಿರಾಕಿ. ಹಾಗಾಗಿ ರೇಟು ಹೇಳುವವರು ನಾವಲ್ಲ, ಕೇಳುವವರು.

ಒಂದು ಲೆಕ್ಕ ಹಾಕಿ ನೋಡು. ಲಂಡನ್ 4,000 ಡಾಲರ್, ಡಾಲರಿಗೆ 88 ರೂಪಾಯಿ ಅಂತ ಇಟ್ಟುಕೋ. ಕಿಲೋ ಶುದ್ಧ ಬೀಜಕ್ಕೆ 352 ರೂಪಾಯಿ ಆಯಿತು. ಕ್ಯೂರಿಂಗ್ (ಸಿಪ್ಪೆ ಬಿಡಿಸಿ ಬೀಜ ಶುದ್ಧ ಮಾಡುವುದು), ಲಾರಿ, ಬಂದರಿನ ಖರ್ಚು, ರಫ್ತುದಾರನ ಲಾಭ ಕಳೆದು ನಿನ್ನ ಬಾಗಿಲಿಗೆ 325 ಬಂತು ಅನ್ನೋಣ. ವ್ಯಾಪಾರಿ 'ಓಟಿಗೆ 325' ಅನ್ನುವುದು ಇದನ್ನೇ. ಓಟಿ ಅಂದರೆ ಔಟ್‌ಟರ್ನ್, 50 ಕಿಲೋ ಚೆರಿ ಚೀಲದಲ್ಲಿ ಸಿಗುವ ಶುದ್ಧ ಬೀಜದ ಕಿಲೋ. ಓಟಿ 26 ಬಂದರೆ ಚೀಲಕ್ಕೆ 8,450. ಈಗ ಲಂಡನ್ 300 ಡಾಲರ್ ಬಿದ್ದರೆ ಕಿಲೋಗೆ 26 ರೂಪಾಯಿ ನಲವತ್ತು ಪೈಸೆ, ಚೀಲಕ್ಕೆ 686 ರೂಪಾಯಿ ಹೋಯಿತು. ನಿನ್ನ ಏಳುನೂರು ಅದೇ.

ಲಂಡನ್ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ಹಳೆಯ ಕತೆ ಬೇಕು. 1989ರ ಜುಲೈವರೆಗೆ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಡಿ ದೇಶಕ್ಕಿಷ್ಟು ಅಂತ ರಫ್ತು ಕೋಟಾ ಇತ್ತು. ಅದು ಮುರಿದುಬಿತ್ತು. ನಮ್ಮಲ್ಲೂ ಕಾಫಿ ಮಂಡಳಿಯ ಪೂಲ್ (ಎಲ್ಲರ ಕಾಫಿಯನ್ನೂ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪದ್ಧತಿ) ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನಗಿಷ್ಟ ಬಂದವರಿಗೆ ಮಾರುವಂತಾದ. ಪೂಲಿನ ಕಾಲವನ್ನು ಈಗ ಹೊಗಳುವವರು ಇದ್ದಾರೆ. ಕಾಫಿ ಕೊಟ್ಟು, ಹಣಕ್ಕೆ ಕಂತು ಕಂತಾಗಿ ಕಾದದ್ದನ್ನು ಅವರು ಮರೆತಿದ್ದಾರೆ ಅಷ್ಟೇ. ಅಷ್ಟರಲ್ಲಿ ವಿಯೆಟ್ನಾಂ ರೊಬಸ್ಟಾದಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. 2001ರಲ್ಲಿ ನ್ಯೂಯಾರ್ಕ್ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಂತು. ಆಮೇಲೆ ಗಾಳಿ ತಿರುಗಿತು: 2021ರ ಜುಲೈಯಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟಿತು, ವಿಯೆಟ್ನಾಂನಲ್ಲಿ ಬರ ಬಂತು, ಅಲ್ಲಿನ ಎಷ್ಟೋ ರೈತರು ಕಾಫಿ ಕಿತ್ತು ಡ್ಯೂರಿಯನ್ ಹಣ್ಣು ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಲಂಡನ್ 5,000 ಡಾಲರ್ ದಾಟಿತು. ಅವರ ಬರ ನಮ್ಮ ಹಬ್ಬ. ಅಲ್ಲಿ ಒಳ್ಳೆಯ ಮಳೆಯಾದ ವರ್ಷ ಇದೇ ಮಾತು ತಿರುವುಮುರುವು.

ಇನ್ನೊಂದು ತಮಾಷೆ. ರೂಪಾಯಿ ಬಿದ್ದರೆ ಕಾಫಿಗೆ ಲಾಭ, ಸರಿ. ಆದರೆ ನೀನು ಗಿಡದ ಬುಡಕ್ಕೆ ಹಾಕುವ ಪೊಟ್ಯಾಷ್ ಪೂರ್ತಿ ಆಮದು. ಯುಕ್ರೇನ್ ಯುದ್ಧ ಶುರುವಾದ 2022ರಲ್ಲಿ ಅದರ 50 ಕಿಲೋ ಚೀಲ 1,700 ರೂಪಾಯಿಗೆ ಹೋಗಿತ್ತು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಯುರೋಪಿಗೆ ಹೋಗುವ ಹಡಗು ಆಫ್ರಿಕಾದ ತುದಿ ಸುತ್ತಬೇಕಾಯಿತು. ಹತ್ತು ದಿನಕ್ಕೂ ಹೆಚ್ಚು ತಡ. ಹಾಗೆ ಏರಿದ ಹಡಗಿನ ಬಾಡಿಗೆಯ ಒಂದು ಪಾಲು ನಿನ್ನ ಓಟಿ ರೇಟಿನಿಂದಲೇ ಕಳೆದುಹೋಯಿತು.

ನಿನ್ನ ಕೈಯಲ್ಲಿರುವುದು ಓಟಿ. ಮಾರುವ ಮೊದಲು ನೀನೇ ಅಳೆ. ನಾಲ್ಕೈದು ಚೀಲಗಳ ಮೇಲಿಂದ, ನಡುವಿನಿಂದ, ತಳದಿಂದ ಚೆರಿ ತೆಗೆದು ಕಲಸಿ, ಸರಿಯಾಗಿ 500 ಗ್ರಾಂ ತೂಗು. ಒರಳಿನಲ್ಲಿ ಮೆಲ್ಲಗೆ ಕುಟ್ಟಿ, ಸಿಪ್ಪೆ ಕೇರಿ, ಬೀಜ ತೂಗು. 260 ಗ್ರಾಂ ಬಂದರೆ ಓಟಿ 26. ಕಪ್ಪು ಬೀಜ, ಚೂರು, ಕಾಯಿಕೊರಕ ಹುಳು ತೂತು ಮಾಡಿದ್ದನ್ನು ಬೇರೆ ಇಟ್ಟು ಮತ್ತೆ ತೂಗು. ವ್ಯಾಪಾರಿ ಎಲ್ಲಿ ಕಡಿತ ಹಾಕುತ್ತಾನೆ ಅಂತ ಆಗ ಗೊತ್ತಾಗುತ್ತದೆ. ಹಸಿರು ಕಾಯಿ ಸೇರಿಸಿ ಒಟ್ಟಿಗೆ ಸವರಿ ಕೊಯ್ದರೆ ಬೀಜ ಸುಕ್ಕಾಗಿ ಓಟಿ 24ಕ್ಕೆ ಇಳಿಯುತ್ತದೆ. ಚೀಲಕ್ಕೆ 650 ರೂಪಾಯಿ ನಷ್ಟ. ಲಂಡನ್ 300 ಡಾಲರ್ ಬಿದ್ದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ನೋಡು.

ತೇವ ರೊಬಸ್ಟಾ ಚೆರಿಗೆ 11 ಶೇಕಡಾ ಇರಬೇಕು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು, ಒಂದೇ ಅಳತೆಯ ಡಬ್ಬಿ ತುಂಬಿ ಎರಡು ದಿನ ಸಾಲಾಗಿ ತೂಗಿದರೆ ತೂಕ ಬದಲಾಗಬಾರದು. ಕೊಯ್ದ ಹಣ್ಣನ್ನು ರಾಶಿ ಹಾಕಿ ಎರಡು ದಿನ ಬಿಟ್ಟೆಯೋ, ಮಣ್ಣಿನ ಕಣದಲ್ಲಿ ದಪ್ಪ ಹರಡಿದೆಯೋ, ಬೂಷ್ಟು ಹಿಡಿಯಿತು. ಬೂಷ್ಟಿನಿಂದ ಹುಟ್ಟುವ ವಿಷ ಓಕ್ರಾಟಾಕ್ಸಿನ್‌ಗೆ ಯುರೋಪಿನಲ್ಲಿ ಹುರಿದ ಕಾಫಿಯ ಕಿಲೋಗೆ 3 ಮೈಕ್ರೋಗ್ರಾಂ ಮಿತಿ. ಸಂಜೆ ಟಾರ್ಪಾಲು ಎಳೆಯಲು ಸೋಮಾರಿತನ ಮಾಡಿದ್ದು ಅಲ್ಲಿನ ಲ್ಯಾಬಿನಲ್ಲಿ ಕಾಣುತ್ತದೆ.

ಮುಂದೆ ರೇಟು ಬರುತ್ತದೆ ಅಂತ ಎಲ್ಲವನ್ನೂ ಕಟ್ಟಿಡುವ ಮುನ್ನ ಬಡ್ಡಿ ನೋಡು. 8,450ರ ಚೀಲವನ್ನು ಹತ್ತು ಶೇಕಡಾ ಬಡ್ಡಿಯ ಸಾಲದ ಮೇಲೆ ಆರು ತಿಂಗಳು ಇಟ್ಟರೆ 422 ರೂಪಾಯಿ ಬಡ್ಡಿ. ಓಟಿಗೆ 16 ರೂಪಾಯಿಗೂ ಮೇಲೆ ಏರಿದರೆ ಮಾತ್ರ ಅಸಲು. ಸಾಲದಷ್ಟನ್ನು ಕೊಯ್ಲಾದ ಕೂಡಲೇ ಮಾರು, ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ. ಇಡುವುದಾದರೆ ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಗೊಬ್ಬರದ ಚೀಲ ಇಲ್ಲದ ಕೋಣೆಯಲ್ಲಿ. ಜೂನ್ ದಾಟಿದರೆ ಮಲೆನಾಡಿನ ಗಾಳಿಯೇ ಚೆರಿಗೆ ತೇವ ಕುಡಿಸುತ್ತದೆ.

ಕೊನೆಗೆ ಯುರೋಪಿನ ಅರಣ್ಯನಾಶ ತಡೆ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲ ಅಂತ ತೋರಿಸಬೇಕು. 4 ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ಕಡಿಮೆ ಇದ್ದರೆ ತೋಟದ ಒಂದು ಜಿಪಿಎಸ್ ಬಿಂದು ಸಾಕು, ಹೆಚ್ಚಿದ್ದರೆ ಪೂರ್ತಿ ಗಡಿ. ಜಾರಿಯನ್ನು ಈಗಾಗಲೇ ಮುಂದೂಡಿದ್ದಾರೆ, ಹಾಗಂತ ಕೂರಬೇಡ. ಮರದ ನೆರಳಲ್ಲಿ ಬೆಳೆಯುವ ನಾವು ಕಾಡು ಕಡಿದಿಲ್ಲ ಅಂತ ಸಾಬೀತು ಮಾಡಬೇಕಾದ್ದು ನನಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಗಿರಾಕಿ ಅವನು. ತೊಡಕಿರುವುದು ಬೆರಕೆಯಲ್ಲಿ: ಒಂದು ಕಂಟೇನರಿಗೆ 60 ಕಿಲೋದ 320 ಚೀಲ ಬೀಜ, ಅಂದರೆ ನಿನ್ನಂಥ ನೂರು ಚೀಲದ ಏಳೆಂಟು ಬೆಳೆಗಾರರ ಚೆರಿ. ಒಬ್ಬನ ದಾಖಲೆ ಇಲ್ಲದಿದ್ದರೂ ಇಡೀ ಲಾಟು ನಿಲ್ಲುತ್ತದೆ. ನಿನ್ನ ಪಹಣಿ ಇನ್ನೂ ಜಂಟಿಯಲ್ಲಿದ್ದರೆ ಈ ಬೇಸಿಗೆಯಲ್ಲೇ ಪೋಡಿಗೆ (ನಿನ್ನ ಪಾಲನ್ನು ಅಳೆದು ಬೇರೆ ಮಾಡಲು) ಅರ್ಜಿ ಹಾಕು, ಅದಕ್ಕೆ ಹಿಡಿಯುವ ಕಾಲ ನಿನಗೂ ಗೊತ್ತು.

ಒರಳಿನ ಲೆಕ್ಕ ಎಷ್ಟು ಬಂತು ಅಂತ ಬರೆ. ಕಪ್ಪು ಬೀಜದ ತೂಕ ಬೇರೆಯಾಗಿ ಬರೆಯುವುದನ್ನು ಮರೆಯಬೇಡ.

ನಿನ್ನ ಗೆಳೆಯ